ಲಂಡನ್‌ನಲ್ಲಿ ಜ್ಯಾಕ್ ದಿ ರಿಪ್ಪರ್ ಟೂರ್‌ಗೆ ಹೋಗುವುದು ತಪ್ಪಾ?

ಲಂಡನ್‌ಗೆ ಹೊರಟಿದ್ದೀರಿ, ಕ್ರೈಮ್ ಕಥೆ ಅಂದರೆ ನಿಮಗೆ ಇಷ್ಟ, ಆದರೆ 1888ರಲ್ಲಿ ಜ್ಯಾಕ್ ದಿ ರಿಪ್ಪರ್ ಅನ್ನುವ ಕೊಲೆಗಾರ ಐವರು ಹೆಂಗಸರನ್ನು ಕೊಂದ ಜಾಗಗಳನ್ನು ದುಡ್ಡು ಕೊಟ್ಟು ನೋಡುವುದು ಸರಿಯಾ ಅಂತ ಕೇಳಿದ್ದೀರಿ. ಹೋಗಿ, ತಪ್ಪೇನಿಲ್ಲ. ಆದರೆ ರಾತ್ರಿ ಗುಂಪಿನ ಜೊತೆ ಬೇಡ, ಹಗಲಲ್ಲಿ ನೀವೇ ನಡೆದು ನೋಡಿ.

ನಾನು ಮೊದಲು ಹೋಗಿದ್ದು ರಾತ್ರಿ ಟೂರ್‌ಗೇ. ಮೂವತ್ತು ಜನರ ಗುಂಪು. ಡರ್ವರ್ಡ್ ಸ್ಟ್ರೀಟ್‌ನಲ್ಲಿ ನಿಲ್ಲಿಸಿ ಗೈಡ್ ಹೆಣದ ಫೋಟೋ ತೋರಿಸಿದರು, ಗಾಯ ಎಲ್ಲೆಲ್ಲಿ ಆಗಿತ್ತು ಅಂತ ತಮ್ಮ ಮೈ ಮೇಲೇ ಬೆರಳಿಟ್ಟು ವಿವರಿಸಿದರು, ಕೆಲವರು ನಕ್ಕರು. ಮೇಲಿನ ಮನೆಯಲ್ಲಿ ಯಾರೋ ಕಿಟಕಿ ಮುಚ್ಚಿಕೊಂಡರು. ಅಲ್ಲಿ ಜನ ವಾಸ ಇದ್ದಾರೆ, ಮಕ್ಕಳು ಮಲಗಿರುತ್ತಾರೆ, ಅವರ ಬಾಗಿಲಲ್ಲಿ ನಿಂತು ನಾವು ಇದನ್ನೆಲ್ಲ ಕೇಳುತ್ತಿದ್ದೆವು. ಆಮೇಲೆ ಎರಡು ಗಂಟೆ ಪೂರ್ತಿ ಆ ಕೊಲೆಗಾರ ಯಾರಿರಬಹುದು ಅನ್ನುವುದೇ ಮಾತು. ಡಾಕ್ಟರಾ, ಕಟುಕನಾ, ರಾಜಮನೆತನದವನಾ! ಅವನು ಸಿಕ್ಕೇ ಇಲ್ಲ. ಅವನ ಹೆಸರು ಕೂಡ 1888ರ ಸೆಪ್ಟೆಂಬರ್‌ನಲ್ಲಿ ಸುದ್ದಿ ಸಂಸ್ಥೆಯೊಂದಕ್ಕೆ ಬಂದ ಕಾಗದದಿಂದ ಹುಟ್ಟಿದ್ದು, ಆ ಕಾಗದವನ್ನು ಯಾರೋ ಪತ್ರಕರ್ತರೇ ಬರೆದಿರಬೇಕು ಅಂತ ಪೊಲೀಸರಿಗೇ ಅನುಮಾನ ಇತ್ತು.

ಮನೆಗೆ ಬಂದ ಮೇಲೆ ಆಗಿನ ವಿಚಾರಣೆಯ ವರದಿಗಳನ್ನು ಓದಲು ಕೂತೆ. ಟೂರ್‌ನಲ್ಲಿ ಒಂದೇ ಒಂದು ಸಲವೂ ಕೇಳದ ವಿಷಯ ಅಲ್ಲಿ ಪುಟಪುಟದಲ್ಲೂ ಇತ್ತು. ಬಾಡಿಗೆ.

ಆಗ ಈ ಕೊಲೆಗಳು ನಡೆದ ವೈಟ್‌ಚಾಪೆಲ್ ಸುತ್ತಮುತ್ತ ಬಡವರು ಮಲಗುತ್ತಿದ್ದದ್ದು ದಿನದ ಬಾಡಿಗೆಯ ವಸತಿಗೃಹಗಳಲ್ಲಿ. ಒಂದು ರಾತ್ರಿಗೆ ಒಂದು ಹಾಸಿಗೆ, 4 ಪೆನ್ಸ್, ಅಂದರೆ ನಾಲ್ಕು ಪೆನ್ನಿ ನಾಣ್ಯ. ಕೊಟ್ಟರೆ ಒಳಗೆ, ಇಲ್ಲದಿದ್ದರೆ ಬೀದಿ. ಮೇರಿ ಆನ್ ನಿಕೋಲ್ಸ್ ಅಂತ ಒಬ್ಬಾಕೆ, 43 ವರ್ಷ, ಐದು ಮಕ್ಕಳ ತಾಯಿ. ಆಗಸ್ಟ್ 31ರ ನಡುರಾತ್ರಿ ದಾಟಿದ ಮೇಲೆ ಆ 4 ಪೆನ್ಸ್ ಇಲ್ಲ ಅಂತ ಆಕೆಯನ್ನು ಹೊರಗೆ ಕಳಿಸಿದರು. ಈಗಲೇ ದುಡ್ಡು ಹೊಂದಿಸಿಕೊಂಡು ಬರುತ್ತೇನೆ, ನನ್ನ ಹೊಸ ಟೋಪಿ ಎಷ್ಟು ಚೆನ್ನಾಗಿದೆ ನೋಡಿ ಅಂತ ನಗುತ್ತಲೇ ಹೋದಳಂತೆ. ಬೆಳಗಿನ ಜಾವ 3:40ರ ಹೊತ್ತಿಗೆ ಬಕ್ಸ್ ರೋನಲ್ಲಿ ಹೆಣ ಸಿಕ್ಕಿತು. ಅದೇ ಈಗಿನ ಡರ್ವರ್ಡ್ ಸ್ಟ್ರೀಟ್, ನಾವು ಫೋಟೋ ನೋಡುತ್ತಾ ನಿಂತ ಜಾಗ.

ಎಂಟು ದಿನದ ನಂತರ ಆನಿ ಚಾಪ್‌ಮನ್. ಆಕೆಗೆ ಶ್ವಾಸಕೋಶದ ಕಾಯಿಲೆ ಇತ್ತು. ಕ್ರೋಷಾ ಹೆಣೆದು, ಹೂವು ಮಾರಿ ಬದುಕುತ್ತಿದ್ದಳು. ಡಾರ್ಸೆಟ್ ಸ್ಟ್ರೀಟ್‌ನ ವಸತಿಗೃಹದಲ್ಲಿ ಅವತ್ತು ಆಕೆಯ ಹತ್ತಿರವೂ ಹಾಸಿಗೆಗೆ ದುಡ್ಡಿರಲಿಲ್ಲ. ನನ್ನ ಹಾಸಿಗೆ ಬೇರೆಯವರಿಗೆ ಕೊಡಬೇಡಿ, ಬರುತ್ತೇನೆ ಅಂತ ಹೇಳಿ ಹೋದಳು. ಬೆಳಿಗ್ಗೆ 6 ಗಂಟೆ ಹೊತ್ತಿಗೆ ಹ್ಯಾನ್‌ಬರಿ ಸ್ಟ್ರೀಟ್‌ನ 29ನೇ ನಂಬರ್ ಮನೆಯ ಹಿತ್ತಲಲ್ಲಿ ಸಿಕ್ಕಳು.

ನನ್ನನ್ನು ಜಾಸ್ತಿ ಕಲಕಿದ್ದು ಮೇರಿ ಜೇನ್ ಕೆಲ್ಲಿಯ ವಿಷಯ. ಐವರಲ್ಲಿ ಆಕೆ ಒಬ್ಬಳೇ ಸ್ವಂತ ಬಾಡಿಗೆ ಕೋಣೆಯಲ್ಲಿ ಸತ್ತವಳು. ವಾರಕ್ಕೆ 4 ಶಿಲ್ಲಿಂಗ್ 6 ಪೆನ್ಸ್ ಬಾಡಿಗೆ (ಒಂದು ಶಿಲ್ಲಿಂಗ್ ಅಂದರೆ 12 ಪೆನ್ಸ್), 29 ಶಿಲ್ಲಿಂಗ್ ಬಾಕಿ. ನವೆಂಬರ್ 9ರಂದು ಹೆಣವನ್ನು ಮೊದಲು ನೋಡಿದ್ದು ಯಾರು ಗೊತ್ತಾ? ಬಾಕಿ ವಸೂಲಿಗೆ ಅಂತ ಮಾಲೀಕ ಕಳಿಸಿದ ಆಳು. ಬಾಗಿಲು ತೆಗೆಯಲಿಲ್ಲ ಅಂತ ಒಡೆದ ಕಿಟಕಿಯ ಪರದೆ ಸರಿಸಿ ನೋಡಿದ.

ಐವರನ್ನೂ ಸುಮ್ನೆ "ವೇಶ್ಯೆಯರು" ಅಂದು ಮುಗಿಸಿಬಿಡುತ್ತಾರೆ, ನಮ್ಮ ಗೈಡ್ ಕೂಡ ಹಾಗೇ ಮಾಡಿದರು. ಎಲಿಜಬೆತ್ ಸ್ಟ್ರೈಡ್ ಸ್ವೀಡನ್‌ನಿಂದ ಬಂದವಳು, ಸಾಯುವ ಹಿಂದಿನ ದಿನ ವಸತಿಗೃಹದ ಕೋಣೆಗಳನ್ನು ಗುಡಿಸಿ ಒರೆಸಿ 6 ಪೆನ್ಸ್ ಕೂಲಿ ಪಡೆದಿದ್ದಳು. ಕ್ಯಾಥರಿನ್ ಎಡೋಸ್ ಕೆಂಟ್ ಕಡೆ ಬಿಯರ್‌ಗೆ ಹಾಕುವ ಹಾಪ್ ಹೂ ಬಿಡಿಸುವ ಕೂಲಿಗೆ ಹೋಗಿ ಆಗಷ್ಟೇ ವಾಪಸ್ ಬಂದಿದ್ದಳು. ಕುಡಿದಿದ್ದಾಳೆ ಅಂತ ಪೊಲೀಸರು ಹಿಡಿದು ಕೂರಿಸಿದ್ದರು, ರಾತ್ರಿ 1 ಗಂಟೆಗೆ ಬಿಟ್ಟು ಕಳಿಸಿದರು, 1:44ಕ್ಕೆ ಮೈಟರ್ ಸ್ಕ್ವೇರ್‌ನಲ್ಲಿ ಹೆಣವಾಗಿದ್ದಳು. ಆ ಹೊತ್ತಲ್ಲಿ ಒಬ್ಬ ಹೆಂಗಸನ್ನು ಹೊರಗೆ ಬಿಟ್ಟರಲ್ಲ, ಅದೂ ಇಬ್ಬರ ಕೊಲೆ ಆಗಿ ಊರೆಲ್ಲ ಹೆದರಿದ್ದಾಗ! ಟೂರ್‌ನಲ್ಲಿ ಇದನ್ನು ಯಾಕೆ ಹೇಳಲ್ಲ ಅಂತ ನನಗೆ ಇವತ್ತಿಗೂ ಸಿಟ್ಟಿದೆ.

ಇದರ ವ್ಯಾಪಾರಕ್ಕೆ ಅಲ್ಲಿನ ಜನ ಸುಮ್ಮನೆ ಕೂತಿಲ್ಲ. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಟೆನ್ ಬೆಲ್ಸ್ ಅಂತ ಹಳೇ ಪಬ್ ಇದೆ. ಅದಕ್ಕೆ 1976ರಲ್ಲಿ ಕೊಲೆಗಾರನ ಹೆಸರನ್ನೇ ಇಟ್ಟಿದ್ದರು. ವಿರೋಧ ಬಂದು 1988ರಲ್ಲಿ ಹಳೇ ಹೆಸರು ವಾಪಸ್ ಬಂತು. 2015ರಲ್ಲಿ ಕೇಬಲ್ ಸ್ಟ್ರೀಟ್‌ನಲ್ಲಿ ಈಸ್ಟ್ ಎಂಡ್ (ಲಂಡನ್‌ನ ಈ ಪೂರ್ವ ಭಾಗ) ಹೆಂಗಸರ ಇತಿಹಾಸದ ಮ್ಯೂಸಿಯಂ ಬರುತ್ತದೆ ಅಂತ ಅನುಮತಿ ಪಡೆದ ಕಟ್ಟಡ, ಬೋರ್ಡ್ ಹಾಕುವಾಗ ರಿಪ್ಪರ್ ಮ್ಯೂಸಿಯಂ ಆಗಿತ್ತು. ಜನ ಬಾಗಿಲ ಮುಂದೆ ನಿಂತು ಪ್ರತಿಭಟನೆ ಮಾಡಿದರು. ನೀವು ಕೇಳಿದ "ಸರಿಯಾ ತಪ್ಪಾ" ಜಗಳ ಅಲ್ಲಿ ಮೊದಲಿಂದಲೂ ನಡೆಯುತ್ತಲೇ ಇದೆ.

ಹೇಗೆ ನೋಡಬೇಕು ಅಂದರೆ, ವೈಟ್‌ಚಾಪೆಲ್ ಸ್ಟೇಷನ್‌ನಲ್ಲಿ ಇಳಿಯಿರಿ, ಡರ್ವರ್ಡ್ ಸ್ಟ್ರೀಟ್ ಪಕ್ಕದಲ್ಲೇ. ಅಲ್ಲಿಂದ ಹ್ಯಾನ್‌ಬರಿ ಸ್ಟ್ರೀಟ್, ಟೆನ್ ಬೆಲ್ಸ್, ಮೈಟರ್ ಸ್ಕ್ವೇರ್, ಎಲ್ಲ ನಡೆಯುವಷ್ಟೇ ದೂರ. ಹಳೇ ಕಟ್ಟಡ ಕಾಣಬೇಕು ಅಂತ ಆಸೆ ಇಟ್ಟುಕೊಳ್ಳಬೇಡಿ. ಚಾಪ್‌ಮನ್ ಸಿಕ್ಕ ಮನೆಯನ್ನು ಕೆಡವಿದ್ದಾರೆ, ಕೆಲ್ಲಿ ಇದ್ದ ಕೋಣೆಯೂ ಇಲ್ಲ. ಮೈಟರ್ ಸ್ಕ್ವೇರ್ ಪಕ್ಕ ಮಕ್ಕಳ ಸ್ಕೂಲ್ ಇದೆ, ಅಲ್ಲಿ ಜೋರು ದನಿಯಲ್ಲಿ ಕೊಲೆ ಕಥೆ ಬೇಡ, ಅಲ್ವಾ.

ಟೈಮ್ ಇದ್ದರೆ ಇನ್ನೊಂದು ಕಡೆ ಹೋಗಲೇಬೇಕು. ವೈಟ್‌ಚಾಪೆಲ್‌ನಿಂದ ಎಲಿಜಬೆತ್ ಲೈನ್ ರೈಲು ಹಿಡಿದು ಮ್ಯಾನರ್ ಪಾರ್ಕ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಸಿಟಿ ಆಫ್ ಲಂಡನ್ ಸ್ಮಶಾನ. ನಿಕೋಲ್ಸ್ ಮತ್ತು ಎಡೋಸ್ ಇಬ್ಬರನ್ನೂ ಮಣ್ಣು ಮಾಡಿದ್ದು ಅಲ್ಲೇ. ನೆಲಕ್ಕೆ ಹಾಕಿರುವ ಫಲಕಗಳಿವೆ. ನಾನು ಹೋದಾಗ ನಿಕೋಲ್ಸ್ ಫಲಕದ ಹತ್ತಿರ ಯಾರೋ ಹೂವು ಇಟ್ಟು ಹೋಗಿದ್ದರು, ಪಕ್ಕದಲ್ಲಿ ನಾಲ್ಕು ಪೆನ್ನಿ ಸಾಲಾಗಿ ಜೋಡಿಸಿದ್ದರು. ನಾನು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ. ಸಂಜೆ ಗೇಟ್ ಹಾಕುತ್ತಾರೆ, ಬೆಳಿಗ್ಗೆಯೇ ಹೋಗಿ.