ಜಪಾನಲ್ಲಿ ಟೂರಿಸ್ಟ್ ಗದ್ದಲ ಕಮ್ಮಿ ಇರೋ ಸಣ್ಣ ಊರು ಯಾವ್ದು? ಅಲ್ಲಿನ ಹಬ್ಬ ನೋಡೋಕಾಗುತ್ತಾ?

ಹಿದಾ ಫುರುಕಾವಾಗೆ ಹೋಗಿ. ಗಿಫು ಪ್ರಿಫೆಕ್ಚರ್‌ನಲ್ಲಿ ಬೆಟ್ಟಗಳ ಮಧ್ಯೆ ಇದೆ. ಎಲ್ರೂ ತಕಾಯಾಮಾ, ಶಿರಕಾವಾಗೋ ಅಂತಾರೆ, ಅವೂ ಚೆನ್ನಾಗೇ ಇವೆ ಆದ್ರೆ ಬಸ್ಸುಗಟ್ಟಲೆ ಜನ ಬಂದು ಇಳೀತಾರೆ, ತಕಾಯಾಮಾದಿಂದ ಲೋಕಲ್ ಟ್ರೇನಲ್ಲಿ ಕಾಲು ಗಂಟೆ ಮುಂದೆ ಬಂದ್ರೆ ಇದು ಸಿಗುತ್ತೆ.

ಹಬ್ಬ ನೋಡ್ಬೇಕು ಅಂದ್ರೆ ಏಪ್ರಿಲ್ 19, 20ಕ್ಕೇ ಹೋಗಿ, ಡೇಟ್ ಬದಲಾಗಲ್ಲ. ಹಗಲು ಹೊತ್ತು ಒಂಬತ್ತು ತೇರು ಹೊರಡುತ್ವೆ, 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಪಾನಿನ 33 ತೇರಿನ ಹಬ್ಬಗಳಲ್ಲಿ ಇದೂ ಒಂದು. ನಂಗೆ ಮಾತ್ರ ತೇರಿಗಿಂತ 19ರ ರಾತ್ರಿನೇ ಹಬ್ಬ ಅನ್ಸಿದ್ದು. ಒಕೋಶಿ ದಾಯ್ಕೊ ಅಂತ, ದೊಡ್ಡ ನಗಾರಿನ ಮರದ ಚೌಕಟ್ಟಿನ ಮೇಲೆ ಕಟ್ಟಿ ಗಂಡಸ್ರು ಬೀದೀಲಿ ತರ್ತಾರೆ, ಅದರ ಮೇಲೆ ಇಬ್ರು ಬೆನ್ನಿಗೆ ಬೆನ್ನು ಕೊಟ್ಟು ಕೂತು ಬಾರಿಸ್ತಿರ್ತಾರೆ, ಒಂದೊಂದು ಕೇರಿಯವರು ತಮ್ಮ ಚಿಕ್ಕ ನಗಾರಿ ಕಟ್ಟಿದ ಕಂಬ ಹಿಡ್ಕೊಂಡು ಹಿಂದಿನಿಂದ ನುಗ್ತಾರೆ, ದೊಡ್ಡ ನಗಾರಿಗೆ ಯಾರು ಹತ್ರ ಹೋಗ್ತಾರೋ ಅವರಿಗೆ ಗೌರವ, ತಡೆಯೋಕೆ ಅಂತಾನೇ ಬೇರೆ ಗುಂಪು. ಆ ಚಳೀಲಿ ಹೊಟ್ಟೆಗೆ ಬಿಳಿ ಬಟ್ಟೆ ಸುತ್ಕೊಂಡು ಬರೀ ಮೈಯಲ್ಲಿ! ಒಳಗೆ ಸಾಕೆ ಅನ್ನೋ ಅಕ್ಕಿ ಮದ್ಯ ಇಳಿದಿರುತ್ತೆ ಅನ್ನಿ. ನಡುವೆ ಹುಡುಗ್ರು ಕಂಬ ಹತ್ತಿ ತುದೀಲಿ ಹೊಟ್ಟೆ ಊರಿ ಕೈಕಾಲು ಚಾಚಿ ಮಲಗ್ತಾರೆ. ಇದು ನಮಗೋಸ್ಕರ ಮಾಡೋ ಶೋ ಅಲ್ಲ, ಊರವರದ್ದು, ಅವರು ನುಗ್ಗೋವಾಗ ಫೋಟೋ ಅಂತ ಮಧ್ಯ ಹೋದ್ರೆ ನಿಮ್ಮ ಹಣೆಬರಹ.

ಉಳಿದ ದಿನ ಹೋದ್ರೆ ಊರು ತಣ್ಣಗಿರುತ್ತೆ. ಸೇತೊಗಾವಾ ಕಾಲುವೆ, ಬಿಳಿ ಗೋಡೆ ಉಗ್ರಾಣಗಳು, ನೀರಲ್ಲಿ ಬಣ್ಣಬಣ್ಣದ ಕೋಯಿ ಮೀನು. ಚಳಿಗಾಲದಲ್ಲಿ ಹಿಮ ತಳ್ಳೋಕೆ ಕಾಲುವೆ ಬೇಕಲ್ಲ, ಅದಕ್ಕೆ ಮೀನನ್ನೆಲ್ಲ ಹಿಡಿದು ಕೊಳಕ್ಕೆ ಸಾಗಿಸಿಬಿಡ್ತಾರೆ, ಜನವರೀಲಿ ಹೋಗಿ ಮೀನೆಲ್ಲಿ ಅಂತ ಹುಡುಕ್ಬೇಡಿ. ಬೀದೀಲಿ ನಡೆಯೋವಾಗ ಸೂರಿನ ಕೆಳಗೆ ತಲೆ ಎತ್ತಿ ನೋಡಿ, ತೊಲೆ ತುದೀಲಿ ಬಿಳಿ ಬಳಿದ ಸುರುಳಿ ಕೆತ್ತನೆ ಇರುತ್ತೆ, ಕುಮೊ ಅಂತಾರೆ, ಒಬ್ಬೊಬ್ಬ ಬಡಗೀದು ಒಂದೊಂದು ಡಿಸೈನ್, ಅವನ ಸಹಿ ಇದ್ದಂಗೆ. ಒಂದು ಸಲ ಕಣ್ಣಿಗೆ ಬಿತ್ತು ಅಂದ್ರೆ ಆಮೇಲೆ ಮನೆಮನೆ ಸೂರು ನೋಡ್ಕೊಂಡೇ ಓಡಾಡ್ತೀರ.

ರೂಮು ಊರಲ್ಲಿ ಕಮ್ಮಿ, ಹಬ್ಬಕ್ಕಾದ್ರೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ. ವೆಜ್ ಆದ್ರೆ ಸೋಬಾ ನೂಡಲ್ಸ್ ಸಾರಲ್ಲೂ ದಾಶಿ ಅಂತ ಮೀನು ಕುದಿಸಿದ ರಸ ಇರುತ್ತೆ, ಕೇಳಿ ತಿನ್ನಿ. ಕಡ್ಡಿಗೆ ಚುಚ್ಚಿ ಸುಡೋ ಮಿತರಾಶಿ ದಾಂಗೊ ಈ ಕಡೆ ಸಿಹಿ ಇರಲ್ಲ, ಬರೀ ಸೋಯಾ ಸಾಸ್ ಹಚ್ಚಿದ ಅಕ್ಕಿ ಉಂಡೆ, ಬಿಸಿಬಿಸೀಲಿ ಸೂಪರ್.