ಲೇತ್ ಅಂಗಡಿಯ ಉತ್ತರ: ನಟ್ ಬಿಗಿದರೆ ಚಕ್ರ ತಿರುಗುವುದಿಲ್ಲ

ಪ್ರಶ್ನೆ: ನಾವು ಕೊಪ್ಪಳದ ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಪ್ರಾಜೆಕ್ಟಿಗಾಗಿ ಗೋ-ಕಾರ್ಟ್ ಕಟ್ಟುತ್ತಿದ್ದೇವೆ. ಮುಂದಿನ ಚಕ್ರದ ನಟ್ ಬಿಗಿದರೆ ಚಕ್ರ ತಿರುಗುವುದಿಲ್ಲ, ಸಡಿಲಿಸಿದರೆ ಅಲುಗಾಡುತ್ತದೆ. ಎರಡು ಸಲ ಬೇರಿಂಗ್ ಬದಲಿಸಿದೆವು. ಇನ್ನೂ ದುಬಾರಿಯದು ತರಬೇಕೆ?

ಉತ್ತರ: ಬೇಡ ತಮ್ಮಂದಿರೇ, ದುಡ್ಡು ಉಳಿಸಿಕೊಳ್ಳಿ. ತಪ್ಪು ಬೇರಿಂಗಿನದಲ್ಲ. ಎರಡು ಬೇರಿಂಗುಗಳ ನಡುವೆ ಇರಬೇಕಾದ ಸ್ಪೇಸರ್ ಇಲ್ಲ, ಇಲ್ಲವೇ ಗಿಡ್ಡವಾಗಿದೆ. ಯಾವುದಾದರೂ ಮೋಟರ್ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ನೋಡಿ, ಹಬ್ಬಿನೊಳಗೆ, ಅಂದರೆ ಚಕ್ರದ ನಡುಭಾಗದೊಳಗೆ, ಒಂದು ಕೊಳವೆ ಇರುತ್ತದೆ. ಅದೇ ಸ್ಪೇಸರ್.

ಬೇರಿಂಗಿಗೆ ಎರಡು ಬಳೆ, ಅವುಗಳ ನಡುವಿನ ತೋಡಿನಲ್ಲಿ ಉರುಳುವ ಗುಂಡುಗಳು. ಹೊರಬಳೆ ಹಬ್ಬಿನ ಜೊತೆ ತಿರುಗುತ್ತದೆ, ಒಳಬಳೆ ಆಕ್ಸಲ್ ಮೇಲೆ ನಿಂತಿರುತ್ತದೆ. ನಟ್ ಬಿಗಿದ ಒತ್ತಡ ವಾಷರ್, ಒಳಬಳೆ, ಸ್ಪೇಸರ್, ಮತ್ತೊಂದು ಒಳಬಳೆ ಎಂದು ಸಾಲಾಗಿ ದಾಟಿ ಆಕ್ಸಲ್ಲಿನ ಬುಡ ಸೇರಬೇಕು. ನಡುವೆ ಸ್ಪೇಸರ್ ಇಲ್ಲದಿದ್ದರೆ ಒಳಬಳೆಗಳು ಒಂದರ ಕಡೆಗೊಂದು ಸರಿದು, ಗುಂಡುಗಳು ತೋಡಿನ ನಡುವನ್ನು ಬಿಟ್ಟು ಅಂಚಿಗೆ ಹತ್ತುತ್ತವೆ.

ನಾನು ಬಳ್ಳಾರಿಯಲ್ಲಿ ಹೊಸದಾಗಿ ಲೇತ್ ಹಿಡಿದಾಗ ಭತ್ತದ ಚೀಲ ಸಾಗಿಸುವ ತಳ್ಳುಗಾಡಿಯೊಂದಕ್ಕೆ ಗಿಡ್ಡ ಸ್ಪೇಸರ್ ಕಡೆದು ಕೊಟ್ಟಿದ್ದೆ. ಹದಿನೈದು ದಿನಕ್ಕೆ ಗಾಡಿ ಮರಳಿ ಬಂತು. ಬೇರಿಂಗನ್ನು ಗ್ರೈಂಡರಿನಲ್ಲಿ ಕೊಯ್ದು ನೋಡಿದೆ. ತೋಡಿನ ನಡುಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಅಂಚಿನಲ್ಲಿ ಮಾತ್ರ ಬೂದುಬಣ್ಣದ ಪಟ್ಟಿ, ಉಗುರು ಸಿಕ್ಕಿಕೊಳ್ಳುವಷ್ಟು ಕಿತ್ತುಹೋಗಿತ್ತು. ಆ ತುಂಡು ಇಂದಿಗೂ ನನ್ನ ಬಳಿ ಇದೆ. ಕೆಲಸ ಕಲಿಯಲು ಬರುವ ಹುಡುಗರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ.

ಈಗ ಅಳತೆ. ನಿಮ್ಮ ಆಕ್ಸಲ್ 17 ಮಿ.ಮೀ. ಇದ್ದರೆ 6003 ಬೇರಿಂಗ್ ಕೂರುತ್ತದೆ. ಅದರ ಹೊರ ಅಳತೆ 35, ದಪ್ಪ 10 ಮಿ.ಮೀ. ಹಬ್ಬಿನ ಒಟ್ಟು ಅಗಲದಿಂದ ಬೇರಿಂಗ್ ಕೂರುವ ಎರಡೂ ಬದಿಯ ಆಳವನ್ನು ವರ್ನಿಯರಿನಲ್ಲಿ ಅಳೆದು ಕಳೆಯಿರಿ. 40 ಉಳಿದರೆ ಸ್ಪೇಸರ್ 40.1 ಇರಲಿ. 39.9 ಮಾತ್ರ ಬೇಡವೇ ಬೇಡ. ಕೊಳವೆಯನ್ನು ಗರಗಸದಲ್ಲಿ ಕೊಯ್ದು ಹಾಗೆಯೇ ಹಾಕಬೇಡಿ, ಎರಡೂ ಮುಖಗಳನ್ನು ಲೇತಿನಲ್ಲಿ ನೇರ ಮಾಡಿಸಿ. ಮುಖ ಓರೆಯಾದರೆ ಒಳಬಳೆಯೂ ಓರೆಯಾಗಿ ಕೂರುತ್ತದೆ.

ಮೊದಲ ಬೇರಿಂಗನ್ನು ಹೊರಬಳೆಯ ಮೇಲಷ್ಟೇ ಒತ್ತಿ ತಳ ಮುಟ್ಟಿಸಿ. ಸ್ಪೇಸರ್ ಇಳಿಬಿಡಿ. ಎರಡನೆಯದನ್ನು ಎರಡೂ ಬಳೆಗಳ ಮೇಲೆ ಸಮನಾಗಿ ಕೂರುವ ದಪ್ಪ ವಾಷರ್ ಇಟ್ಟು ಒತ್ತಿ, ಒಳಬಳೆ ಸ್ಪೇಸರಿಗೆ ತಾಗಿದ ಕೂಡಲೇ ನಿಲ್ಲಿಸಿ. ಹೊರಬಳೆಯ ಕೆಳಗೆ ಕೂದಲೆಳೆಯಷ್ಟು ಸಂದು ಉಳಿದರೆ ಒಳ್ಳೆಯದೇ. ನಟ್ ಕಡೆಯ ವಾಷರ್ ಒಳಬಳೆಗೆ ಮಾತ್ರ ತಾಗಬೇಕು. ಅಗಲವಾದರೆ ಸೀಲನ್ನು ಉಜ್ಜುತ್ತದೆ. ಕೊನೆಗೆ ಹೊಸ ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಹಾಕಿ ಪೂರ್ತಿ ಬಿಗಿಯಿರಿ. ಬಿಗಿದ ಮೇಲೂ ಚಕ್ರ ಒಂದು ಬೆರಳಿನ ತಳ್ಳಿಗೆ ತಿರುಗುತ್ತಿರಬೇಕು.

ಪ್ರಶ್ನೆ: ತಗಡಿನ ಮುಚ್ಚಳದ ಬೇರಿಂಗ್ ಒಳ್ಳೆಯದೋ, ರಬ್ಬರ್ ಸೀಲಿನದೋ? (ಸಿಂಧನೂರಿನ ಓದುಗರು)

ಉತ್ತರ: ನಮ್ಮ ಕಡೆಗೆ ರಬ್ಬರ್ ಸೀಲಿನದೇ ಸರಿ, ಹೆಸರಿನ ಕೊನೆಯಲ್ಲಿ 2ಆರ್‌ಎಸ್ ಎಂದಿರುತ್ತದೆ. ತಗಡಿನದು ಹಗುರವಾಗಿ ತಿರುಗುತ್ತದೆ ನಿಜ, ಆದರೆ ಅಂಚಿನ ಸಂದಿನಲ್ಲಿ ನಿಮ್ಮ ಗದ್ದೆಯ ಕೆಸರೂ ಸಂಡೂರಿನ ಅದಿರಿನ ಧೂಳೂ ಒಳಗೆ ಹೋಗುತ್ತವೆ. ಸೀಲ್ ಇದೆ ಎಂದು ತೊಳೆಯುವಾಗ ನೀರಿನ ಪೈಪನ್ನು ನೇರವಾಗಿ ಹಬ್ಬಿಗೆ ಹಿಡಿಯಬೇಡಿ.