ಜರ್ಮನಿಯ ಚರ್ಚಿನಲ್ಲಿ ತಲೆ ಮೇಲೆ ಸೆರಗು: ಗುಳೇದಗುಡ್ಡದ ತಂಗಿಗೆ

ತಂಗಿ, ನರ್ಸ್ ಕೆಲಸಕ್ಕೆ ಸ್ಟುಟ್‌ಗಾರ್ಟ್‌ಗೆ ಬರ್ತಿದ್ದೀಯ ಅಂತ ತಿಳಿದು ತುಂಬಾ ಖುಷಿಯಾಯಿತು. ಮನೆ ಬಾಡಿಗೆ, ಚಳಿ, ಜೋಳದ ಹಿಟ್ಟು ಇದೆಲ್ಲ ಬಂದ ಮೇಲೆ ಮಾತಾಡೋಣ. ನೀನು ಕೊನೆಗೆ ಕೇಳಿದ್ದಕ್ಕೇ ಮೊದಲು ಉತ್ತರ ಬರೀತೀನಿ. ಚರ್ಚಿನಲ್ಲಿ ತಲೆ ಮೇಲೆ ಸೆರಗು ಹೊದೆಯೋದನ್ನು ಬಿಡಬೇಡ ಅಂತ ಅವ್ವ ಹೇಳ್ತಾರೆ. ಅಲ್ಲಿ ಹಾಗೆ ಕೂತರೆ ಜನ ಒಂಥರಾ ನೋಡ್ತಾರೆ ಅಂತ ಅಣ್ಣ ಹೇಳ್ತಾನೆ. ಯಾರ ಮಾತು ಕೇಳಲಿ ಅಂತ ನಿನ್ನ ಪ್ರಶ್ನೆ, ಅಲ್ವಾ?

ಜನರ ಚಿಂತೆ ಬಿಡು. ಇಲ್ಲಿ ಭಾನುವಾರ ಬೆಳಿಗ್ಗೆ ಪ್ರಾಟೆಸ್ಟಂಟ್ ಚರ್ಚಿಗೆ ಬರುವ ಹೆಂಗಸರು ಹೆಚ್ಚಾಗಿ ಬರಿತಲೆಯಲ್ಲೇ ಕೂರುತ್ತಾರೆ. ನಮ್ಮ ಚರ್ಚಿನ ಕಟ್ಟಡದಲ್ಲೇ ಮಧ್ಯಾಹ್ನ ಎರಿಟ್ರಿಯಾದವರ ಆರಾಧನೆ ನಡೆಯುತ್ತದೆ. ಆಗ ಸಾಲುಸಾಲು ಬಿಳಿ ಹತ್ತಿ ಬಟ್ಟೆ. ಪುಟ್ಟ ಹುಡುಗಿಯರೂ ತಲೆ ತುಂಬ ಹೊದ್ದಿರುತ್ತಾರೆ. ಬಾಗಿಲಲ್ಲಿ ಎರಡೂ ಗುಂಪಿನವರು ಎದುರುಬದುರಾಗಿ ಕೈಕುಲುಕಿ ಹೋಗುತ್ತಾರೆ. ಚಳಿಗಾಲದಲ್ಲಿ ಗಂಡಸರು ಉಣ್ಣೆ ಟೋಪಿಯನ್ನು ಬಾಗಿಲಲ್ಲೇ ತೆಗೆಯುತ್ತಾರೆ. ಹೆಂಗಸರು ಹಾಗೇ ಕೂತರೂ ಯಾರೂ ಏನೂ ಅನ್ನುವುದಿಲ್ಲ.

ಕ್ಯಾಥೋಲಿಕರಲ್ಲಿ 1917ರ ಚರ್ಚ್ ಕಾನೂನು ಹೆಂಗಸರು ತಲೆ ಮುಚ್ಚಬೇಕು ಅಂತ ಹೇಳಿತ್ತು. 1983ರ ಹೊಸ ಕಾನೂನಿನಲ್ಲಿ ಆ ಮಾತೇ ಇಲ್ಲ.

ಇನ್ನು ಅವ್ವನ ಮಾತು. ಅದಕ್ಕೆ ಆಧಾರ ಇದೆ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೇ ಅಧ್ಯಾಯ ತೆಗೆದು ನೋಡು. ಕೊರಿಂಥ ಗ್ರೀಸಿನಲ್ಲಿದ್ದರೂ ಆಗ ರೋಮನ್ನರ ಊರು. ಮದುವೆಯಾದ ರೋಮನ್ ಹೆಂಗಸರು ಹೊದ್ದ ಬಟ್ಟೆಯ ಅಂಚನ್ನು ತಲೆ ಮೇಲೆ ಎಳೆದುಕೊಳ್ಳುತ್ತಿದ್ದರು, ನಮ್ಮ ಇಳಕಲ್ ಸೀರೆಯ ಸೆರಗಿನ ಹಾಗೇ. ಅದು ಮರ್ಯಾದೆಯ ಗುರುತು. ಬಲಿ ಕೊಡುವಾಗ ರೋಮನ್ ಗಂಡಸರೂ ತಲೆ ಮುಚ್ಚುತ್ತಿದ್ದರು. ಪೌಲ ಗಂಡಸರಿಗೆ ಅದು ಬೇಡ ಅಂದ, ಹೆಂಗಸರಿಗೆ ಮುಚ್ಚಿಕೊಳ್ಳಿ ಅಂದ. ಅದೇ ಅಧ್ಯಾಯದಲ್ಲಿ ಉದ್ದ ಕೂದಲೇ ಹೆಂಗಸಿಗೆ ಹೊದಿಕೆಯಾಗಿ ಕೊಟ್ಟಿದೆ ಅಂತಲೂ ಬರೆದ. ಈ ಒಂದು ವಚನ ಹಿಡಿದುಕೊಂಡು ಜನ ಇವತ್ತಿಗೂ ವಾದ ಮಾಡುತ್ತಾರೆ.

ನಮ್ಮೂರಲ್ಲಿ ಸೆರಗು ಚರ್ಚಿನಿಂದ ಬಂದದ್ದಲ್ಲ. ಬಾಗಲಕೋಟೆ ಸೀಮೆಯಲ್ಲಿ ಯಾವ ಜಾತಿಯ ಸೊಸೆಯಾದರೂ ಮಾವ ಎದುರಿಗೆ ಬಂದರೆ ಸೆರಗು ಎಳೆದುಕೊಳ್ಳುತ್ತಿದ್ದಳು. 1851ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕ್ರೈಸ್ತ ಬೋಧಕರು ಗುಳೇದಗುಡ್ಡಕ್ಕೆ ಬರುವ ಮೊದಲೇ ಇದ್ದ ಪದ್ಧತಿ ಅದು. ನಮ್ಮ ಅಜ್ಜಿಯರು ಹಿರಿಯರಿಗೆ ಕೊಡುವ ಮರ್ಯಾದೆಯನ್ನೇ ದೇವರಿಗೂ ಕೊಟ್ಟರು. ಗಂಟೆ ಹೊಡೆದ ಕೂಡಲೇ ಹೆಂಗಸರ ಕಡೆಯ ಸಾಲಿನಲ್ಲಿ ಕೆಂಪು ಸೆರಗುಗಳು ಒಟ್ಟಿಗೆ ಮೇಲೇಳುವುದು ನನಗೆ ಇವತ್ತಿಗೂ ಇಷ್ಟ. ಆ ರೇಷ್ಮೆ ಸೆರಗು ಜಾರುತ್ತಲೇ ಇರುತ್ತದೆ. ಒಂದು ಕೈಯಲ್ಲಿ ಅದನ್ನು ಗದ್ದದ ಹತ್ತಿರ ಹಿಡಿದು, ಇನ್ನೊಂದು ಕೈಯಲ್ಲಿ ಹಾಡಿನ ಪುಸ್ತಕ ಹಿಡಿದೇ ನಾವೆಲ್ಲ ಬೆಳೆದವರು. ನಾನು ಇಲ್ಲೂ ಪ್ರಾರ್ಥನೆಗೆ ದುಪಟ್ಟಾ ಹೊದ್ದುಕೊಳ್ಳುತ್ತೇನೆ. ಹೊದ್ದುಕೊಂಡರೆ ಮನಸ್ಸು ನಿಲ್ಲುತ್ತದೆ. ಆದರೆ ನನ್ನ ಮಗಳಿಗೆ ಬಲವಂತ ಮಾಡುವುದಿಲ್ಲ.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಇದು. ಆ ವಚನವನ್ನು ನಿಧಾನವಾಗಿ ಓದು. 'ಪ್ರಾರ್ಥನೆ ಮಾಡುವ, ಪ್ರವಾದಿಸುವ', ಅಂದರೆ ದೇವರ ಮಾತನ್ನು ಸಭೆಗೆ ಹೇಳುವ, ಹೆಂಗಸಿನ ತಲೆ ಬಗ್ಗೆ ಪೌಲ ಬರೆಯುತ್ತಿದ್ದಾನೆ. ಅಂದರೆ ಕೊರಿಂಥದ ಹೆಂಗಸರು ಸಭೆಯ ಮಧ್ಯೆ ಬಾಯಿಬಿಟ್ಟು ಮಾತಾಡುತ್ತಿದ್ದರು. ಅದನ್ನು ಅವನು ನಿಲ್ಲಿಸಲಿಲ್ಲ. ನಾವು ಸೆರಗನ್ನು ಗಟ್ಟಿಯಾಗಿ ಹಿಡಿದೆವು, ಆ ದನಿಯನ್ನು ಕೈಬಿಟ್ಟೆವು. 14ನೇ ಅಧ್ಯಾಯದಲ್ಲಿ ಹೆಂಗಸರು ಮೌನವಾಗಿರಲಿ ಅಂತ ಇದೆಯಲ್ಲ ಅಂತ ಅಣ್ಣ ಕೇಳಬಹುದು. ಇದೆ. ಆದರೆ 11ನ್ನು ಸೆರಗಿಗೆ ಮಾತ್ರ ಓದಿ, 14ನ್ನು ಬಾಯಿ ಮುಚ್ಚಿಸೋಕೆ ಓದುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಒಳಗೇ 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಒಬ್ಬ ಹೆಣ್ಣುಮಗಳು ಬಿಷಪ್ ಆದರು. ಇದನ್ನು ಅವ್ವನಿಗೂ ಹೇಳು.

ಇನ್ನೊಂದು ವಿಷಯ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಬಂದ ಮೇಲೆ ವಿಳಾಸ ನೋಂದಾಯಿಸುವಾಗ ಧರ್ಮ ಯಾವುದು ಅಂತ ಕೇಳುತ್ತಾರೆ. ಪ್ರಾಟೆಸ್ಟಂಟ್ ಅಂತ ಬರೆದರೆ ಸಂಬಳದಲ್ಲಿ ಚರ್ಚ್ ತೆರಿಗೆ ಮುರಿದುಕೊಳ್ಳುತ್ತಾರೆ. ಈ ರಾಜ್ಯದಲ್ಲಿ ಅದು ಆದಾಯ ತೆರಿಗೆಯ 8%. ನಾನು ಕೊಡುತ್ತೇನೆ. ನೀನು ತಿಳಿದುಕೊಂಡು ನಿರ್ಧಾರ ಮಾಡು.

ಬಾಸೆಲ್ ಮಿಷನ್ನಿನಿಂದ ನಮ್ಮ ಕಡೆಗೆ ಬಂದ ಬೋಧಕರಲ್ಲಿ ಬಹಳ ಜನ ಸ್ಟುಟ್‌ಗಾರ್ಟ್ ಸುತ್ತಲಿನ ಇದೇ ವುರ್ಟೆಂಬರ್ಗ್ ಸೀಮೆಯವರು. ಅವರ ಊರಿನ ಪೀಠದ ಮೇಲೆ ಈಗ ಕಪ್ಪು ನಿಲುವಂಗಿ ಹಾಕಿದ ಹೆಂಗಸರು ಬರಿತಲೆಯಲ್ಲಿ ನಿಂತು ಪ್ರಸಂಗ ಮಾಡುತ್ತಾರೆ. ಮೊದಲ ಸಲ ನೋಡಿದಾಗ ನಿನಗೆ ಒಂಥರಾ ಅನ್ನಿಸಬಹುದು. ಆರಾಧನೆ ಮುಗಿದ ಮೇಲೆ ಕಾಫಿ ಕೊಡುತ್ತಾರೆ, ಓಡಿ ಹೋಗಬೇಡ. ಲೋಕಕ್ಕಾಗಿ ಮಾಡುವ ಪ್ರಾರ್ಥನೆಯನ್ನು ಇಲ್ಲಿ ಸಭೆಯವರೇ ಸರದಿ ಮೇಲೆ ಓದುತ್ತಾರೆ. ಆ ಪಟ್ಟಿಗೆ ನಿನ್ನ ಹೆಸರು ಕೊಡು. ಜರ್ಮನ್ ಉಚ್ಚಾರ ನಾನು ಕಲಿಸುತ್ತೇನೆ. ತಲೆ ಮೇಲೆ ಸೆರಗು ಇರಲಿ, ಬಿಡಲಿ, ಅದು ನಿನ್ನಿಷ್ಟ.